ಸೈಕಲ್ಲನ್ನು ಕಂಬಕ್ಕೆ ಕಟ್ಟುವ ಕ್ರಮ

ಹಿಂದಿನ ಚಕ್ರದ ಮೇಲೆ ಕೂರುವ ಕುದುರೆಲಾಳದ ಆಕಾರದ ಬೀಗ ನಮ್ಮೂರಿನ ಸೈಕಲ್ಲುಗಳಿಗೆ ಹಳೆಯ ನಂಟು. ಅದನ್ನು ಒತ್ತಿದರೆ ಕಡ್ಡಿಗಳ ನಡುವೆ ಒಂದು ಸರಳು ತೂರುತ್ತದೆ, ಚಕ್ರ ತಿರುಗುವುದಿಲ್ಲ. ಇಪ್ಪತ್ತು ಕಿಲೋ ಆಸುಪಾಸಿನ ಕರಿ ಸೈಕಲ್ಲಿಗೆ ಅಷ್ಟೇ ಸಾಕಾಗುತ್ತಿತ್ತು. ಇವತ್ತಿನ ಗೇರ್ ಸೈಕಲ್ಲು ಹಗುರ; ಬೀಗ ಹಾಕಿದಂತೆಯೇ ಎತ್ತಿ ಗೂಡ್ಸ್ ಆಟೊಗೆ ಹಾಕಿಬಿಡಬಹುದು. ಹಾಗಾಗಿ ಸೈಕಲ್ಲನ್ನು ಕಿತ್ತುಬಾರದ ಯಾವುದಾದರೂ ವಸ್ತುವಿಗೆ ಕಟ್ಟಲೇಬೇಕು. ಹಾಲಿನ ಬೂತಿನಲ್ಲಿ ಎರಡು ನಿಮಿಷ, ಸೈಕಲ್ಲು ಕಣ್ಣೆದುರಿಗೇ ಇದ್ದರೆ ಮಾತ್ರ ಚಕ್ರದ ಬೀಗ ಸಾಕು.

ಮೊದಲು ಕಂಬ ನೋಡಿ

ಬೀಗ ತೆಗೆಯುವ ಮೊದಲು ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ. ಫುಟ್‌ಪಾತ್ ಅಗೆದು ಮುಚ್ಚಿದ ಕಡೆ ‘ನೋ ಪಾರ್ಕಿಂಗ್’ ಫಲಕದ ಕೊಳವೆ ಸಡಿಲವಾಗಿರುತ್ತದೆ, ಬುಡಸಮೇತ ಮೇಲೆ ಬರುತ್ತದೆ. ಸೊಂಟದೆತ್ತರದ ಗಿಡ್ಡ ಕಂಬವಾದರೆ ಬೀಗವನ್ನು ಮುಟ್ಟದೆಯೇ ಸೈಕಲ್ಲನ್ನು ಮೇಲಿಂದ ಎತ್ತಿ ತೆಗೆಯುತ್ತಾರೆ. ತಂತಿ ಬಲೆಯ ಬೇಲಿಯನ್ನು ಕಡಿಯಲು ಇಕ್ಕಳ ಸಾಕು. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಕಟ್ಟೆಯ ಗ್ರಿಲ್ಲು ಎಷ್ಟೇ ಗಟ್ಟಿಯಾಗಿದ್ದರೂ ಬೇಡವೇ ಬೇಡ: ಮಳೆಯಲ್ಲಿ ಕರೆಂಟು ಸೋರಿದರೆ ಒದ್ದೆ ಕೈಯಲ್ಲಿ ಮುಟ್ಟುವವರು ನೀವೇ. ಸಿಮೆಂಟಿನಲ್ಲಿ ಹೂತ ಕಬ್ಬಿಣದ ರೇಲಿಂಗು, ಕಟ್ಟಡದ ಗೋಡೆಗೆ ಕೂಡಿಸಿದ ಕಿಟಕಿಯ ಸರಳು, ನೆಲಕ್ಕೆ ಬೋಲ್ಟ್ ಹಾಕಿದ ಸೈಕಲ್ ಸ್ಟ್ಯಾಂಡು ಒಳ್ಳೆಯವು. ಸ್ಟ್ಯಾಂಡಿನ ಬೋಲ್ಟುಗಳನ್ನೂ ಒಮ್ಮೆ ಬಗ್ಗಿ ನೋಡಿ. ಗಾಲಿಕುರ್ಚಿಯ ಇಳಿಜಾರಿನ ಕೈಹಿಡಿಗೆ ಮಾತ್ರ ಕಟ್ಟಬೇಡಿ, ಅದನ್ನು ಹಿಡಿದೇ ನಡೆಯುವವರು ಇರುತ್ತಾರೆ.

ಯಾವ ಬೀಗ?

ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಕೇಬಲ್ ಲಾಕ್. ಮೇಲಿನ ಪ್ಲಾಸ್ಟಿಕ್ ಹೊದಿಕೆಯಿಂದ ಅದು ದಪ್ಪಗೆ ಕಾಣುತ್ತದೆ. ಒಳಗಿರುವುದು ಹೆಣೆದ ತೆಳು ತಂತಿ, ಕಟರಿಗೆ ಕೆಲವೇ ಸೆಕೆಂಡಿನ ಕೆಲಸ. ಅದನ್ನು ಮುಂದಿನ ಚಕ್ರವನ್ನೋ ಸೀಟನ್ನೋ ಬಿಗಿಯಲು ಬಳಸಿ. ಮುಖ್ಯ ಬೀಗ ಯು-ಲಾಕ್, ಅಂದರೆ ಇಂಗ್ಲಿಷಿನ U ಆಕಾರಕ್ಕೆ ಬಗ್ಗಿಸಿದ ಗಟ್ಟಿ ಸರಳಿನ ಬೀಗ ಆಗಿರಲಿ, ಸರಳಿನ ದಪ್ಪ ಕನಿಷ್ಠ 13 ಮಿ.ಮೀ. ಇರಲಿ. ಹದಗೊಳಿಸಿದ ಉಕ್ಕು ಈ ದಪ್ಪಕ್ಕೆ ಬಂದರೆ ಚೀಲದಲ್ಲಿ ಅಡಗುವ ಸಣ್ಣ ಬೋಲ್ಟ್ ಕಟರು ಸೋಲುತ್ತದೆ. ಲೋಹ ಕೊಯ್ಯುವ ಆಂಗಲ್ ಗ್ರೈಂಡರು ಯಂತ್ರ ಎದುರಾದರೆ ಹೆಚ್ಚಿನ ಬೀಗಗಳು ಒಂದೆರಡು ನಿಮಿಷಕ್ಕಿಂತ ಹೆಚ್ಚು ತಡೆಯವು, ಆದರೆ ಕಿಡಿ ಹಾರುತ್ತದೆ, ಸದ್ದು ಬೀದಿಗೆಲ್ಲ ಕೇಳುತ್ತದೆ. ಜನ ಓಡಾಡುವ ಜಾಗವನ್ನೇ ಆರಿಸಬೇಕೆನ್ನುವುದು ಇದಕ್ಕೇ.

ಬೀಗದ ಕೈ ಚಪ್ಪಟೆಯಾಗಿರಲಿ. 2004ರಲ್ಲಿ ಅಮೆರಿಕದಲ್ಲಿ ದುಂಡು ಕೊಳವೆಯಂಥ ಕೀಲಿಯ ಯು-ಲಾಕುಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆದು ತೋರಿಸಿದ ಮೇಲೆ ಕಂಪನಿಯೇ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ಅಂಥ ಕೊಳವೆ ಕೀಲಿಯ ಅಗ್ಗದ ಬೀಗ ಕಂಡರೆ ಬಿಟ್ಟುಬಿಡಿ. ಅಂಕಿ ತಿರುಗಿಸುವ ಮೂರಂಕಿಯ ಬೀಗದಲ್ಲಿ ಸಾವಿರ ಜೋಡಣೆಗಳಷ್ಟೇ ಇರುತ್ತವೆ. ಅಗ್ಗದವುಗಳಲ್ಲಿ ಎಳೆದು ಹಿಡಿದು ತಿರುಗಿಸಿದರೆ ಸರಿಯಾದ ಅಂಕಿ ಬೆರಳಿಗೇ ಗೊತ್ತಾಗುತ್ತದೆ.

ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರ್ ಎಲ್ಲ ಇರುವ ಸೈಕಲ್ಲಿಗೆ ಯು-ಲಾಕ್ ಕೂರುವುದೇ ಕಷ್ಟ. ಅಂಥದ್ದಕ್ಕೆ 10 ಮಿ.ಮೀ. ಕೊಂಡಿಯ, ಸುಮಾರು ಒಂದು ಮೀಟರ್ ಉದ್ದದ ಹದಗೊಳಿಸಿದ ಚೈನು ಆಗುತ್ತದೆ. ಅದು ಎರಡು ಕಿಲೋ ಮೀರಿ ತೂಗಬಹುದು. ದಿನಾ ಒಂದೇ ಕಚೇರಿಯಾದರೆ ಚೈನನ್ನು ಅಲ್ಲಿನ ಸ್ಟ್ಯಾಂಡಿನಲ್ಲೇ ಬಿಟ್ಟುಬರಬಹುದು.

ಹಾಕುವ ಬಗೆ

ಮುಂದಿನ ಚಕ್ರವೊಂದನ್ನೇ ಕಂಬಕ್ಕೆ ಕಟ್ಟಿ ಹೋಗುವುದು ದೊಡ್ಡ ತಪ್ಪು. ಚಕ್ರ ಬಿಚ್ಚಿ, ಅದನ್ನು ಕಂಬದಲ್ಲೇ ಬಿಟ್ಟು ಉಳಿದದ್ದನ್ನು ಒಯ್ಯುತ್ತಾರೆ. ಸೀಟಿನ ಕೆಳಗಿನ ಕೊಳವೆ ಮತ್ತು ಹಿಂದಿನ ಚಕ್ರದ ಇಕ್ಕೆಲದ ಸರಳುಗಳು ಸೇರಿ ಒಂದು ತ್ರಿಕೋನವಾಗುತ್ತದಲ್ಲ, ಅದರೊಳಗೆ ಹಿಂದಿನ ಚಕ್ರದ ರಿಮ್ಮನ್ನೂ ಕಂಬವನ್ನೂ ಒಟ್ಟಿಗೆ ಹಿಡಿಯುವಂತೆ ಯು-ಲಾಕ್ ಹಾಕಿ. ಬೀಗ ಚೌಕಟ್ಟನ್ನು ನೇರವಾಗಿ ಸುತ್ತದಿದ್ದರೂ ಚಕ್ರ ಆ ತ್ರಿಕೋನದಿಂದ ಹೊರಬರಲಾರದು. ಸೈಕಲ್ಲು ಅಲ್ಲೇ ಉಳಿಯುತ್ತದೆ. ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಪ್ರಸಿದ್ಧಗೊಳಿಸಿದ ಕ್ರಮ ಇದು, ಸಣ್ಣ ಬೀಗದಲ್ಲೂ ಆಗುತ್ತದೆ. ಬೀಗ ಸೀಟಿನ ಕೊಳವೆಗೂ ಎಟುಕಿದರೆ ಇನ್ನೂ ಗಟ್ಟಿ.

ಬೀಗದೊಳಗೆ ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಜಾಗ ಸಿಕ್ಕರೆ ಸಲಾಕೆಯನ್ನೋ ಸಣ್ಣ ಜಾಕನ್ನೋ ತೂರಿಸಿ ಮೀಟುತ್ತಾರೆ. ಬೀಗ ನೆಲಕ್ಕೆ ತಾಗದಿರಲಿ, ನೆಲದ ಮೇಲಿಟ್ಟರೆ ಸುತ್ತಿಗೆಯ ಏಟಿಗೆ ಅಡಿಗಲ್ಲು ಸಿಕ್ಕಂತೆ. ಕೀಲಿಕಂಡಿ ಕೆಳಮುಖವಾಗಿದ್ದರೆ ಮಳೆನೀರು, ದೂಳು ಒಳಗಿಳಿಯುವುದಿಲ್ಲ. ಕೊನೆಗೆ ಒಮ್ಮೆ ಜಗ್ಗಿ ನೋಡಿ. ಬೀಗ ಕೂತಿದೆ ಎಂದುಕೊಂಡು ಅರ್ಧಕ್ಕೇ ಬಿಟ್ಟು ಹೋಗುವುದು ಅವಸರದಲ್ಲಿ ಸಾಮಾನ್ಯ.

ಬಿಡಿಭಾಗಗಳು

ಚಕ್ರಕ್ಕೂ ಸೀಟಿಗೂ ಕ್ವಿಕ್ ರಿಲೀಸ್ ಹಿಡಿ ಇದ್ದರೆ ಬಿಚ್ಚಲು ಸಲಕರಣೆಯೇ ಬೇಡ. ಅವನ್ನು ತೆಗೆಸಿ, ಆರುಮೂಲೆಯ ಅಲೆನ್ ಕೀಲಿಯಿಂದ ಬಿಚ್ಚುವ ಸರಳು ಹಾಕಿಸಿ. ಸೀಟಿನ ಬೋಲ್ಟು 5 ಮಿ.ಮೀ. ಅಲೆನ್ನಿನದಾದರೆ ಅದರ ಗುಳಿಗೆ 3/16 ಅಂಗುಲದ ಬೇರಿಂಗ್ ಗುಂಡು ಹಾಕಿ ಮೇಲೆ ಮೇಣ ಕರಗಿಸಿ ಬಿಡಿ. ಕೀಲಿ ಒಳಹೋಗುವುದಿಲ್ಲ, ಬೇಕಾದಾಗ ಮೇಣ ಕೆರೆದು ಗುಂಡು ತೆಗೆಯಬಹುದು. ಸೀಟಿಗೆ ಇನ್ನೊಂದು ಉಪಾಯ: ಸೈಕಲ್ ಅಂಗಡಿಯಲ್ಲಿ ಬಿಸಾಡುವ ಹಳೆಯ ಚೈನನ್ನು ಹಳೆಯ ಟ್ಯೂಬಿನೊಳಗೆ ತೂರಿಸಿ, ಸೀಟಿನ ಕೆಳಗಿನ ಸರಳಿನಿಂದ ಚೌಕಟ್ಟಿಗೆ ಸುತ್ತಿ ಚೈನ್ ಕೊಂಡಿ ಬೆಸೆಯುವುದು. ಟ್ಯೂಬ್ ಇರುವುದರಿಂದ ಬಣ್ಣ ಕೆರೆಯುವುದಿಲ್ಲ. ಲೈಟು, ಪಂಪು, ಚೀಲ ಇವು ನಿಮ್ಮೊಂದಿಗೇ ಬರಲಿ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಎಂದರೆ ಎಲ್ಲರಿಗೂ ನಿಶ್ಚಿಂತೆ. ಅಲ್ಲಿ ಸೈಕಲ್ಲು ವಾರಗಟ್ಟಲೆ ನಿಂತಿರುತ್ತದೆ, ಕಳ್ಳನಿಗೆ ಬೇಕಾದಷ್ಟು ಸಮಯ ಸಿಗುತ್ತದೆ, ಕಳುವಾದದ್ದು ತಿಳಿಯುವುದೂ ತಡ. ಕಾವಲುಗಾರ, ಕ್ಯಾಮೆರಾ ಇದ್ದರೂ ಅಲ್ಲೂ ಕಂಬಕ್ಕೆ ಕಟ್ಟಿ. ಸೀಟಿನಡಿ ಬ್ಲೂಟೂತ್ ಟ್ಯಾಗ್ ಅಡಗಿಸುವವರಿಗೆ ಒಂದು ಮಾತು: ಅದು ಹತ್ತಿರದ ಫೋನುಗಳ ಮೂಲಕವೇ ಜಾಗ ತಿಳಿಸುತ್ತದೆ. ನೆಟ್‌ವರ್ಕ್ ಇಲ್ಲದ ನೆಲಮಾಳಿಗೆಯಲ್ಲಿ ಅದನ್ನು ನೆಚ್ಚಬೇಡಿ.

ಮಳೆಗಾಲದಲ್ಲಿ ಕೀಲಿಕಂಡಿಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಬಿಡಿ. ದೂಳು ಅಂಟಿ, ಚಳಿಗೆ ಹೆಪ್ಪುಗಟ್ಟಿ ಬೀಗ ಜಾಮ್ ಆಗುತ್ತದೆ. ತಿಂಗಳಿಗೊಮ್ಮೆ ಗ್ರಾಫೈಟ್ ಪುಡಿಯನ್ನೋ ಟೆಫ್ಲಾನಿನ ಒಣ ಲೂಬ್ರಿಕೆಂಟನ್ನೋ ಹಾಕಿ. ಕೀಲಿಯ ಮೇಲಿನ ಸಂಖ್ಯೆ ಬರೆದಿಡಿ, ಎರಡನೇ ಕೀಲಿ ಮನೆಯಲ್ಲಿರಲಿ.

ಇವತ್ತೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲಿನ ಅಚ್ಚು ಹಾಯುವ ಕೊಳವೆಯ ಅಡಿಯಲ್ಲಿ ಕೊರೆದ ಚೌಕಟ್ಟಿನ ಸಂಖ್ಯೆಯ ಫೋಟೊ ತೆಗೆದು ಬಿಲ್ಲಿನ ಜೊತೆ ಇಡಿ. ಸೈಕಲ್ಲು ಕಳುವಾದರೆ ‘ಕಳೆದುಹೋಗಿದೆ’ ಎಂದು ಬರೆಸದೆ ‘ಕಳವಾಗಿದೆ’ ಎಂದೇ ದೂರು ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿನ ಕಲಂ 303. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಅದರಲ್ಲಿ ಬಣ್ಣ, ಕಂಪನಿಯ ಹೆಸರಿನ ಜೊತೆಗೆ ಚೌಕಟ್ಟಿನ ಸಂಖ್ಯೆಯೂ ಇದೆಯೇ ಎಂದು ಠಾಣೆಯಲ್ಲೇ ಓದಿ ನೋಡಿ. ಒಂದೇ ಬಣ್ಣದ ಹತ್ತು ಸೈಕಲ್ಲುಗಳ ನಡುವೆ ನಿಮ್ಮದನ್ನು ಗುರುತಿಸಿಕೊಡುವುದು ಅದು.