ಯಾದೃಚ್ಛಿಕ ಸಂಖ್ಯೆಯನ್ನು ಪದವಾಗಿಸುವ ಬಗೆ

ಕಲ್ಲು, ಕಾಗದ, ಕತ್ತರಿ ಆಟವನ್ನು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಬರೆಯುವುದು ಹೊಸಬರಿಗೆ ಸಾಮಾನ್ಯವಾಗಿ ಕೊಡುವ ಅಭ್ಯಾಸ. ಅದರಲ್ಲಿ ಕಂಪ್ಯೂಟರಿನ ಸರದಿ ಬಂದಾಗ ರ‍್ಯಾಂಡ್‌ಇಂಟ್ ಫಂಕ್ಷನ್ 1, 2, 3ರಲ್ಲಿ ಒಂದು ಸಂಖ್ಯೆಯನ್ನು ಕೊಡುತ್ತದೆ. ಪರದೆಯ ಮೇಲೆ ಮೂಡಬೇಕಾದದ್ದು ಮಾತ್ರ ಒಂದು ಪದ: 1ಕ್ಕೆ ಕಲ್ಲು, 2ಕ್ಕೆ ಕಾಗದ, 3ಕ್ಕೆ ಕತ್ತರಿ.

ಹೆಚ್ಚಿನವರು ಮೊದಲು ಹಿಡಿಯುವುದು ಇಫ್, ಎಲಿಫ್, ಎಲ್ಸ್ ದಾರಿಯನ್ನು, ಅಂದರೆ ಷರತ್ತುಗಳನ್ನು ಒಂದಾದ ಮೇಲೊಂದು ಪರೀಕ್ಷಿಸುವುದನ್ನು. ದಾರಿ ಸರಿಯಾದದ್ದೇ; ತಪ್ಪು ನುಸುಳುವುದು ಸಂಖ್ಯೆಯನ್ನು ಪಡೆಯುವ ಜಾಗದಲ್ಲಿ. ಇಫ್ ಸಾಲಿನಲ್ಲಿ ರ‍್ಯಾಂಡ್‌ಇಂಟ್ ಅನ್ನು ಕರೆದು ಉತ್ತರ 1 ಆಗಿದೆಯೇ ಎಂದು ನೋಡಿ, ಎಲಿಫ್ ಸಾಲಿನಲ್ಲಿ ಮತ್ತೆ ಅದನ್ನೇ ಕರೆದು 2 ಆಗಿದೆಯೇ ಎಂದು ನೋಡಿದರೆ, ಎರಡನೆಯ ಸಲ ಪರೀಕ್ಷೆಗೆ ಒಳಗಾಗುವುದು ಮೊದಲಿನ ಸಂಖ್ಯೆಯಲ್ಲ, ಆಗಷ್ಟೇ ಹುಟ್ಟಿದ ಬೇರೊಂದು ಸಂಖ್ಯೆ. ದೋಷದ ಸಂದೇಶವೇನೂ ಬರುವುದಿಲ್ಲವಾದ್ದರಿಂದ ಇದು ಕಣ್ಣಿಗೆ ಬೀಳುವುದು ಕಷ್ಟ. ಲೆಕ್ಕ ಹಾಕಿದರೆ ಮಾತ್ರ ತಿಳಿಯುತ್ತದೆ: ಕಲ್ಲು ಬರುವ ಸಾಧ್ಯತೆ 1/3, ಉಳಿದ 2/3ರಲ್ಲಿ ಮೂರನೇ ಒಂದು ಪಾಲು, ಅಂದರೆ 2/9, ಕಾಗದಕ್ಕೆ, ಮಿಕ್ಕ 4/9 ಪೂರ್ತಿಯಾಗಿ ಕತ್ತರಿಗೆ. 900 ಸಲ ಆಡಿಸಿದರೆ ಸುಮಾರು 300 ಕಲ್ಲು, 200 ಕಾಗದ, 400 ಕತ್ತರಿ ಬರುತ್ತವೆ. ಆದ್ದರಿಂದ ಸಂಖ್ಯೆಯನ್ನು ಒಮ್ಮೆ ಮಾತ್ರ ಪಡೆದು, ಹೆಸರಿಟ್ಟು ನೆನಪಿನಲ್ಲಿಡುವ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಮುಂದಿನ ಎಲ್ಲ ಪರೀಕ್ಷೆಗಳನ್ನೂ ಆ ವೇರಿಯಬಲ್ ಮೇಲೆಯೇ ನಡೆಸಬೇಕು. ಈ ಅಭ್ಯಾಸದಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ ಇದೇ ಎಂದು ನನ್ನ ಭಾವನೆ.

ಇಫ್ ಸಾಲುಗಳಿಗಿಂತ ಅಚ್ಚುಕಟ್ಟಾದದ್ದು ಲಿಸ್ಟ್, ಅಂದರೆ ಪಟ್ಟಿ. ಮೂರು ಪದಗಳನ್ನು ಕ್ರಮವಾಗಿ ಲಿಸ್ಟ್‌ನಲ್ಲಿ ಬರೆದಿಟ್ಟು, ಬಂದ ಸಂಖ್ಯೆಯನ್ನೇ ಇಂಡೆಕ್ಸ್ (ಪಟ್ಟಿಯಲ್ಲಿನ ಸ್ಥಾನದ ಸಂಖ್ಯೆ) ಆಗಿ ಬಳಸಿದರೆ ಪದ ನೇರವಾಗಿ ಕೈಗೆ ಸಿಗುತ್ತದೆ. ಲಿಸ್ಟ್‌ನ ಎಣಿಕೆ 0ಯಿಂದ ಶುರುವಾಗುವುದರಿಂದ ಸಂಖ್ಯೆಯೂ 0, 1, 2ರಲ್ಲಿ ಒಂದಾಗಿರಬೇಕು. ರ‍್ಯಾಂಡ್‌ಇಂಟ್ ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ, ಹಾಗಾಗಿ 0 ಮತ್ತು 3 ಎಂದು ಕೊಟ್ಟರೆ ಯಾವಾಗಲೋ ಒಮ್ಮೆ 3 ಬಂದು ಪ್ರೋಗ್ರಾಮ್ ಇಂಡೆಕ್ಸ್ ದೋಷದಿಂದ ನಿಂತುಹೋಗುತ್ತದೆ. ರ‍್ಯಾಂಡ್‌ರೇಂಜ್ ಎಂಬ ಇನ್ನೊಂದು ಫಂಕ್ಷನ್ ಕೊನೆಯ ತುದಿಯನ್ನು ಬಿಡುವುದರಿಂದ, ಅದಕ್ಕೆ ಲಿಸ್ಟ್‌ನ ಉದ್ದವನ್ನೇ ಕೊಡುವುದು ಒಳ್ಳೆಯದು. ನಾಳೆ ನಾಲ್ಕನೆಯ ಪದ ಸೇರಿಸಿದರೂ ಆ ಸಾಲನ್ನು ಮುಟ್ಟಬೇಕಾಗಿಲ್ಲ. ಇನ್ನೊಂದು ಎಚ್ಚರ: 0ಯಿಂದ ಶುರುವಾದ ಸಂಖ್ಯೆಯಲ್ಲಿ ಅಭ್ಯಾಸಬಲದಿಂದ 1 ಕಳೆದರೆ ಒಮ್ಮೊಮ್ಮೆ -1 ಸಿಗುತ್ತದೆ, ಪೈಥಾನ್ ಅದನ್ನು ಕೊನೆಯ ಪದವೆಂದು ತಿಳಿದು ಸುಮ್ಮನೆ ಮುಂದೆ ಸಾಗುತ್ತದೆ.

ಪದವಷ್ಟೇ ಸಾಕೆನ್ನುವವರಿಗೆ ಚಾಯ್ಸ್ ಫಂಕ್ಷನ್ ಇದೆ; ಅದು ಲಿಸ್ಟ್‌ನಿಂದ ಒಂದು ಪದವನ್ನು ತಾನೇ ಆರಿಸಿ ಕೊಡುತ್ತದೆ.

ಆದರೂ ಈ ಆಟದಲ್ಲಿ ಸಂಖ್ಯೆಯನ್ನು ಕೈಬಿಡದಿರುವುದೇ ಲೇಸು, ಏಕೆಂದರೆ ಗೆದ್ದವರು ಯಾರೆಂದು ಹೇಳುವುದೂ ಅದೇ ಸಂಖ್ಯೆ. ಕಲ್ಲು 0, ಕಾಗದ 1, ಕತ್ತರಿ 2 ಎಂದಿದ್ದಾಗ, ನಿಮ್ಮ ಸಂಖ್ಯೆಯಲ್ಲಿ ಕಂಪ್ಯೂಟರಿನ ಸಂಖ್ಯೆಯನ್ನು ಕಳೆದು 3ರಿಂದ ಭಾಗಿಸಿ ಶೇಷವನ್ನು ನೋಡಿ: 0 ಬಂದರೆ ಸಮ, 1 ಬಂದರೆ ಗೆಲುವು ನಿಮ್ಮದು, 2 ಬಂದರೆ ಕಂಪ್ಯೂಟರಿನದು. ನಿಮ್ಮದು ಕಲ್ಲು, ಅದರದು ಕತ್ತರಿ ಆದಾಗ ವ್ಯತ್ಯಾಸ -2 ಆಗುತ್ತದೆ, ಪೈಥಾನ್ ಅದರ ಶೇಷವನ್ನು 1 ಎಂದೇ ಕೊಡುತ್ತದೆ. ಸಿ ಮತ್ತು ಜಾವಾ ಭಾಷೆಗಳಲ್ಲಿ ಶೇಷವೂ -2 ಆಗಿಯೇ ಉಳಿಯುವುದರಿಂದ, ಅಲ್ಲಿ ವ್ಯತ್ಯಾಸಕ್ಕೆ 3 ಕೂಡಿಸಿ ಆಮೇಲೆ ಭಾಗಿಸಬೇಕು.