ಸ್ಟೀರಾಯ್ಡ್ ತಿಂಗಳಲ್ಲಿ ನಮ್ಮ ಅಡುಗೆಮನೆ

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಅಂತ ಮಗಳು ಪುಟ್ಟಿಯನ್ನು ಅಡ್ಮಿಟ್ ಮಾಡಿದ ಮರುದಿನ ಅತ್ತೆ ಶ್ರೀರಾಂಪುರದಿಂದ ಎರಡು ಬಸ್ ಬದಲಿಸಿ ಎಳನೀರು ಹೊತ್ತು ತಂದರು. ಸಿಸ್ಟರ್ ಬಾಗಿಲಲ್ಲೇ ತಡೆದರು. ಲ್ಯುಕೇಮಿಯಾಗೆ ಕೀಮೋ ಶುರುವಾದ ಮೊದಲ ದಿನಗಳಲ್ಲಿ ಕ್ಯಾನ್ಸರ್ ಕಣಗಳು ಒಮ್ಮೆಲೇ ಒಡೆದು ಪೊಟ್ಯಾಸಿಯಂ, ರಂಜಕ, ಯೂರಿಕ್ ಆಮ್ಲ ರಕ್ತಕ್ಕೆ ಸೇರುತ್ತವೆ. ಹಗಲೂ ರಾತ್ರಿ ಡ್ರಿಪ್, ಜೊತೆಗೆ ಯೂರಿಕ್ ಆಮ್ಲ ತಗ್ಗಿಸೋ ಅಲೋಪ್ಯೂರಿನಾಲ್ ಮಾತ್ರೆ, ಎಲ್ಲ ಅದಕ್ಕೇ. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಡಾಕ್ಟರ್ ಹೂಂ ಅನ್ನೋವರೆಗೂ ಬೇಡ. ಅತ್ತೆ ಬೇಜಾರು ಮಾಡ್ಕೋಬಾರದು ಅಂತ ಎಳನೀರನ್ನ ನಾನೇ ಕುಡಿದೆ.

ಆಮೇಲೆ ಶುಗರ್ ಏರಿತು. ರಾತ್ರಿ ನಾಲ್ಕು ಸಲ ನೀರು ಕೇಳಿದಳು, ಆರು ವರ್ಷದವಳು ಹಾಸಿಗೆ ಒದ್ದೆ ಮಾಡಿದಳು. ಇವೆರಡು ಕಂಡರೆ ಕಾಯಬೇಡಿ, ಫೋನ್ ಮಾಡಿ. ಕೀಮೋ ಜೊತೆ ಕೊಡೋ ಸ್ಟೀರಾಯ್ಡ್ ಮಾತ್ರೆ, ಶುಗರ್ ಇಳಿಸೋ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತೆ, ಕೀಮೋದ್ದೇ ಆಸ್ಪರಾಜಿನೇಸ್ ಇಂಜೆಕ್ಷನ್ ಇನ್ಸುಲಿನ್ ತಯಾರಾಗೋದನ್ನೇ ತಗ್ಗಿಸುತ್ತೆ. "ಚಾಕೊಲೇಟ್ ಕೊಟ್ಟು ಕೊಟ್ಟು ಹೀಗಾಯ್ತು" ಅಂದ ನಾದಿನಿಗೆ ಇದನ್ನೇ ಹೇಳಿದೆ, ಸ್ವಲ್ಪ ಜೋರಾಗೇ. ಹೆದರಿ ಸ್ಟೀರಾಯ್ಡ್ ಮಾತ್ರೆ ನೀವಾಗಿ ನಿಲ್ಲಿಸೋದು ಮಾತ್ರ ಬೇಡವೇ ಬೇಡ. ಪುಟ್ಟಿಗೆ ಕೆಲವು ವಾರ ಇನ್ಸುಲಿನ್ ಹಾಕಿದೆವು, ಸ್ಟೀರಾಯ್ಡ್ ಮುಗಿದ ಮೇಲೆ ಅದೂ ನಿಂತಿತು.

ಬೆರಳು ಚುಚ್ಚೋ ಮುಂಚೆ ಕೈ ತೊಳೆಸಿ, ಒರೆಸಿ. ಮಾವಿನಹಣ್ಣು ತಿಂದ ಬೆರಳಲ್ಲಿ ಒಮ್ಮೆ 310 ಬಂತು. ತೊಳೆದು ನೋಡಿದರೆ 164. ಟೈಮ್, ನಂಬರ್, ತಿಂದದ್ದು ಎಲ್ಲ ಒಂದೇ ನೋಟ್‌ಬುಕ್ಕಲ್ಲಿ ಬರೆದಿಡಿ. ಬೆನ್ನಿಗೆ ಕೊಡೋ ಕೀಮೋ ಇಂಜೆಕ್ಷನ್‌ಗೆ ಬೆಳಿಗ್ಗೆ ಹಸಿದಿರಬೇಕಾದ ದಿನ ಇನ್ಸುಲಿನ್ ಎಷ್ಟು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಮಗು ಬೆವರಿ ನಡುಗಿದರೆ ಶುಗರ್ ಇಳಿದಿರಬಹುದು, ತಕ್ಷಣ ನೋಡಿ. ಗ್ಲೂಕೋಸ್ ಪುಡಿ ಆಗ ಬೇಕು, ಸುಮ್ಮಸುಮ್ಮನೆ ಶಕ್ತಿಗೆ ಅಂತಲ್ಲ.

ಹಸಿವೋ, ಕೇಳಬೇಡಿ. ರಾತ್ರಿ ಎರಡು ಗಂಟೆಗೆ ಚಿತ್ರಾನ್ನ! ಬೈದರೆ ಅಳ್ತಾಳೆ, ಅದು ಔಷಧಿ ಹಸಿವು. ಒಂದು ಸೌಟು ಚಿತ್ರಾನ್ನ, ಜೊತೆಗೆ ಬೇಯಿಸಿದ ಮೊಟ್ಟೆ ಇಲ್ಲವೇ ಹೆಸರುಕಾಳು ಪಲ್ಯ, ಹೀಗೆ ಒಪ್ಪಂದ ಮಾಡಿಕೊಂಡೆವು. ಸ್ಟೀರಾಯ್ಡಿಗೆ ಬಿಪಿ ಕೂಡ ಏರುತ್ತೆ, ಹಾಗಾಗಿ ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಹೋಯಿತು. ಈ ಔಷಧಿಗಳಿಂದ ರಕ್ತದ ಕೊಬ್ಬೂ ಏರಬಹುದು ಅಂತ ಬೋಂಡಾ ಬಾಣಲೆಯೂ.

ಹೊಟ್ಟೆನೋವು ಬೆನ್ನಿಗೆ ಹರಡಿ ವಾಂತಿ ಬಂದರೆ ಜೀರಿಗೆ ಕಷಾಯ ಮಾಡ್ತಾ ಕೂರಬೇಡಿ. ಆಸ್ಪರಾಜಿನೇಸ್‌ನಿಂದ ಮೇದೋಜೀರಕ ಗ್ರಂಥಿ ಊದಿರಬಹುದು. ಸಿಲ್ಕ್ ಬೋರ್ಡ್ ಟ್ರಾಫಿಕ್ ಲೆಕ್ಕ ಹಾಕಿ ಆಗಲೇ ಹೊರಡಿ, ನೋಟ್‌ಬುಕ್ ಮರೀಬೇಡಿ.