ಟೊಮ್ಯಾಟೊ ಗಿಡಕ್ಕೆ ಗಾಳಿಗೂ ಜಗ್ಗದ ಆಸರೆ

ಹಣ್ಣಿನ ಭಾರ ತಡೆಯಲಿ ಅಂತ ಟೊಮ್ಯಾಟೊ ಗಿಡಕ್ಕೆ ಕೋಲು ಕೊಡುತ್ತೇವೆ. ಆದರೆ ಬೆಂಗಳೂರಿನ ತಾರಸಿಯಲ್ಲಿ ಗಿಡವನ್ನು ಕೆಡವುವುದು ಹೆಚ್ಚಾಗಿ ಗಾಳಿಯೇ. ಏಪ್ರಿಲ್-ಮೇ ಸಂಜೆ ಮಳೆಗೆ ಮುಂಚೆ ಬೀಸುತ್ತದಲ್ಲ, ಅದು ಒಂದು. ಜೂನ್ ಬಂದರೆ ಪಶ್ಚಿಮದ ಗಾಳಿ ಇಡೀ ದಿನ.

ಕೋಲಾರದ ಹೊಲಗಳಲ್ಲಿ ನೀಲಗಿರಿ ಕಡ್ಡಿ ನೆಟ್ಟು, ತಂತಿ ಎಳೆದು, ಗಿಡವನ್ನು ದಾರದಿಂದ ಎತ್ತಿ ಕಟ್ಟುತ್ತಾರೆ. ಅಲ್ಲಿ ನೆಲ ಗಟ್ಟಿ, ಕಡ್ಡಿ ಆಳಕ್ಕೆ ಇಳಿಯುತ್ತದೆ. ತಾರಸಿಯಲ್ಲಿ ಗಿಡ ಬೆಳೆಸುವ ಚೀಲ, ಅಂದರೆ ಗ್ರೋ ಬ್ಯಾಗಿನಲ್ಲಿ ಇರುವುದೇ ಒಂದಡಿ ಮಣ್ಣು, ಅದೂ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಬೆರೆಸಿದ ಸಡಿಲ ಮಣ್ಣು. ಅದರಲ್ಲಿ ಊರಿದ ಕೋಲು ತಾನೂ ಅಲ್ಲಾಡುತ್ತದೆ, ಬೇರನ್ನೂ ಅಲ್ಲಾಡಿಸುತ್ತದೆ. ಹಾಗಾಗಿ ನಾನು ಬ್ಯಾಗಿನೊಳಗೆ ಏನನ್ನೂ ಊರುವುದಿಲ್ಲ. ಆಸರೆ ಪೂರ್ತಿ ಹೊರಗೇ ನಿಲ್ಲುತ್ತದೆ.

ಬಂಬೂ ಬಜಾರಿನಿಂದ ಬಿದಿರು ಗಳ ತಂದೆ. 7 ಅಡಿಯವು ನಾಲ್ಕು, 8 ಅಡಿಯದು ಒಂದು. ಗಳವನ್ನು ಗಂಟಿನ ಸ್ವಲ್ಪ ಮೇಲಕ್ಕೇ ಕತ್ತರಿಸಬೇಕು. ಇಲ್ಲದಿದ್ದರೆ ಮೇಲಿನ ಟೊಳ್ಳಿನಲ್ಲಿ ಮಳೆನೀರು ನಿಂತು ಸೊಳ್ಳೆ ಆಗುತ್ತದೆ, ತುದಿಯೂ ಸೀಳುತ್ತದೆ. 7 ಅಡಿಯ ಗಳಗಳನ್ನು ಎರಡೆರಡಾಗಿ ಮೇಲ್ತುದಿಯಲ್ಲಿ ಕತ್ತರಿಯ ಆಕಾರಕ್ಕೆ ಅಡ್ಡ ಹಾಯಿಸಿ, ಸತು ಲೇಪಿಸಿದ ಜಿ.ಐ. ತಂತಿಯಿಂದ ಬಿಗಿದೆ. ಕಂಬಿ ಕಟ್ಟುವ ಬೈಂಡಿಂಗ್ ವೈರ್ ಅಗ್ಗ, ಆದರೆ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ಎರಡು ಕತ್ತರಿಗಳ ಮೇಲೆ ಉದ್ದನೆಯ ಗಳ ಅಡ್ಡ ಕೂರುತ್ತದೆ.

ಕಾಲುಗಳಿಗೆ 10 ಲೀಟರಿನ ಖಾಲಿ ಪೇಂಟ್ ಡಬ್ಬಿ. ಗಳದ ಬುಡಕ್ಕೆ ಡಾಂಬರು ಬಳಿದು ಒಣಗಿಸಿ ಡಬ್ಬಿಯಲ್ಲಿ ಇಟ್ಟೆ. ಇಡೀ ಚೌಕಟ್ಟು ಕಟ್ಟಿ ನಿಲ್ಲಿಸಿದ ಮೇಲೆಯೇ ಕಾಂಕ್ರೀಟ್ ಸುರಿಯಬೇಕು, ಆಗ ಕಾಲಿನ ಓರೆ ತಾನಾಗಿ ಸರಿಯಾಗಿರುತ್ತದೆ. 1 ಪಾಲು ಸಿಮೆಂಟ್, 2 ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), 4 ಪಾಲು ಜಲ್ಲಿ. ಡಬ್ಬಿಯಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ ತುಂಬಿದರೂ ಒಂದೊಂದು ಕಾಲಿಗೆ 14 ಕೆಜಿಯಷ್ಟು ತೂಕ ಬರುತ್ತದೆ. ಮೇಲಿನ ಖಾಲಿ ಜಾಗಕ್ಕೆ ಮಣ್ಣು ಹಾಕಿ ಪುದೀನ ನೆಟ್ಟಿದ್ದೇನೆ. ನೀರು ಇಳಿಯಲು ಕಾಂಕ್ರೀಟ್ ಮಟ್ಟದಲ್ಲಿ ಡಬ್ಬಿಗೆ ತೂತು ಇರಲಿ. ತಾರಸಿಗೆ ಒಂದು ಮೊಳೆಯೂ ಹೊಡೆಯಬೇಕಿಲ್ಲ, ವಾಟರ್‌ಪ್ರೂಫಿಂಗ್ ಹಾಗೇ ಉಳಿಯುತ್ತದೆ.

ಮೇಲೆ ಅಡ್ಡ ಕೂರಿಸಿದ ಗಳ ಉತ್ತರ-ದಕ್ಷಿಣವಾಗಿ ಬರುವಂತೆ ನಿಲ್ಲಿಸಿ. ಆಗ ಕಾಲುಗಳು ಪೂರ್ವ-ಪಶ್ಚಿಮಕ್ಕೆ ಚಾಚಿಕೊಂಡು ಮುಂಗಾರಿನ ಗಾಳಿಗೆ ಎದೆಕೊಟ್ಟು ನಿಲ್ಲುತ್ತವೆ. ಉದ್ದಕ್ಕೆ ಯಾವ ಕಡೆಗೂ ವಾಲದಂತೆ ಮೂಲೆಯಿಂದ ಮೂಲೆಗೆ ಎರಡು ತಂತಿಗಳನ್ನು ಒಂದಕ್ಕೊಂದು ಅಡ್ಡವಾಗಿ ಎಳೆದರೆ ಸಾಕು.

ಇದರ ಕೆಳಗೆ ನಾಲ್ಕು ಬ್ಯಾಗ್ ಆರಾಮಾಗಿ ಕೂರುತ್ತವೆ. ಆ ಅಡ್ಡ ಗಳದಿಂದ ಪ್ರತಿ ಗಿಡಕ್ಕೂ ಒಂದು ಸಣಬಿನ ದಾರ ಇಳಿಬಿಟ್ಟು, ಬುಡದಲ್ಲಿ ಬೆರಳು ಆಡುವಷ್ಟು ಸಡಿಲವಾಗಿ ಕುಣಿಕೆ ಹಾಕುತ್ತೇನೆ. ಗಿಡ ಬೆಳೆದಂತೆಲ್ಲ ಅದನ್ನು ದಾರಕ್ಕೆ ಸುತ್ತುತ್ತಾ ಹೋಗಬೇಕು. ಈ ಕೆಲಸ ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಕಾಂಡದಲ್ಲಿ ನೀರು ತುಂಬಿ ಪಟ್ಟನೆ ಮುರಿಯುತ್ತದೆ, ಬಿಸಿಲಲ್ಲಿ ಸ್ವಲ್ಪ ಬಗ್ಗುತ್ತದೆ. ಬ್ಯಾಗಿನ ಮಣ್ಣಿನಿಂದ ಒಂದಡಿ ಎತ್ತರದವರೆಗಿನ ಎಲೆ ತೆಗೆದುಬಿಡುತ್ತೇನೆ, ಮಳೆಗೆ ಮಣ್ಣು ಸಿಡಿದು ರೋಗ ಏರದಿರಲಿ ಅಂತ.

ನಾನು ಬೆಳೆಯುವುದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ. ಎಲೆ ಮುದುಡು ರೋಗ ತಡೆಯುತ್ತದೆ ಅನ್ನುವುದೇ ನನಗೆ ಅದರಲ್ಲಿ ದೊಡ್ಡ ಇಷ್ಟ. ಒಂದೊಂದು ಹಣ್ಣೂ 90-100 ಗ್ರಾಂ ತೂಗುತ್ತದೆ. ಐದು ಹಣ್ಣಿನ ಗೊಂಚಲು ಅರ್ಧ ಕೆಜಿ ಆಯ್ತಲ್ವಾ? ಅಂಥ ಗೊಂಚಲಿಗೆ ಹಳೆ ಕಾಟನ್ ಸೀರೆಯ ಅಗಲ ಪಟ್ಟಿಯಿಂದ ಬೇರೆ ಕಟ್ಟು ಕೊಡುತ್ತೇನೆ. ನೈಲಾನ್ ದಾರ ಬೇಡವೇ ಬೇಡ, ಕಾಂಡ ಕೊಯ್ಯುತ್ತದೆ.

ಫಸಲು ಮುಗಿದ ಮೇಲೆ ದಾರವನ್ನೂ ಗಿಡದ ಜೊತೆಯೇ ತೆಗೆದು ಹಾಕಿ, ಗಳಗಳನ್ನು ಸೋಪಿನ ನೀರಲ್ಲಿ ಉಜ್ಜುತ್ತೇನೆ. ಅದೇ ಚೌಕಟ್ಟಿಗೆ ಆಮೇಲೆ ಹೀರೆ ಬಳ್ಳಿ ಹಬ್ಬಿಸಬಹುದು. ಆ ಬ್ಯಾಗಿನ ಮಣ್ಣಿಗೆ ಮಾತ್ರ ತಕ್ಷಣ ಬದನೆ, ಮೆಣಸಿನಕಾಯಿ ಹಾಕಬೇಡಿ. ಅವೂ ಟೊಮ್ಯಾಟೊ ಕುಟುಂಬದವೇ, ಸೊರಗು ರೋಗ ಮಣ್ಣಿನಲ್ಲೇ ಕಾದಿರುತ್ತದೆ.